ನಲವತ್ತೊಂದನೇ ಪೊಟ್ಟಣ

ಊರಿನ ತಲಿ ಎಲ್ಲಾ ನನ್ನ ಕೈಯಾಗ ಹಾದು ಹೋಗ್ಯಾವ.
ಯಾರ ನೆತ್ತಿಮ್ಯಾಲೆ ಎರಡು ಸುಳಿ,
ಯಾರ ಕಿವಿ ಹಿಂದ ಸಣ್ಣವಿದ್ದಾಗ ಕಲ್ಲು ಬಡದ ಕಲಿ,
ಅವರ ಹೇಂತೇರಿಗಿಂತ ನನಗ ಗೊತ್ತು.
ಅಂದಾನೆಪ್ಪ ಹಡಪದ, ವರದಾ ಹೊಳಿ ದಂಡಿ,
ಕಂಪನಿ ಸ್ಟಾಪಿನ ಎದುರು. ಮಂಗಳವಾರ ಬಂದ್.

ಮೊದಲು ತಿಳದದ್ದು ಬಾಚಣಿಕಿಗೆ.
ಕತ್ತರಿ ಹಚ್ಚೂಕಿಂತ ಮೊದಲ ಹುಡುಗರ ಕೂದಲಾ
ಹಲ್ಲಿಗೆ ಸಿಕ್ಕು ಕಿತ್ತು ಬರತಿತ್ತು,
ಗೋವಿನಜೋಳದ ತೆನಿ ಸುಲಿವಾಗ ಜುಟ್ಟು ಬಂದಂಗ.
ಆಮ್ಯಾಲೆ ಪಟಕದ ಹಳ್ಳಿಗೆ:
ಒಮ್ಮೆ ಒತ್ತಿದರ ನಿಲ್ಲತಿದ್ದ ರಕ್ತ
ಈಗ ಮೂರು ಸಲ ಒತ್ತಿದರೂ ಜಿನುಗತದ.
ಗದ್ದಕ್ಕ ಟವೆಲ್ ಹಿಡಕೊಂಡು
ಬೆಂಚಿನ ಮ್ಯಾಲೆ ಸುಮ್ಮನ ಕೂಡತಾರ.

ಕಣ್ಣು ಮುಚ್ಚಿದಾಗ ಗಂಡಸರು ಖರೇ ಹೇಳತಾರ.
ಬೆರಳ ತುದಿ ಜುಮ್ ಅಂತಾವೋ ಅಂದಾನೆಪ್ಪ,
ಅಂಗಿ ಗುಂಡಿ ಹಾಕೂದು ಈಗ ಆಕಿನ.
ರಾತ್ರಿ ಪಾಳ್ಯಾಗ ಗೇಟು ತಗದರಂದ್ರ
ಕೊಳತ ಮೂಲಂಗಿ ವಾಸನಿ,
ಬಾಗಲ ಸಂದಿಗೆ ಹಸಿ ಅರಿವಿ ತುರುಕತೇವಿ.
ಫಕೀರೇಶಿ ಒಂದs ಮಾತು ಅಂದ:
ಮೂರನೇದ್ದೂ ನಿಲ್ಲಲಿಲ್ಲೋ.
ಕಣ್ಣು ತಗದರ ಎದುರಿಗೆ ಕಂಪನಿಯವರು ಕೊಟ್ಟ ಕ್ಯಾಲೆಂಡರ್,
ಯಾವುದೋ ದೇಶದ ಹಸರು ಗುಡ್ಡ.
"ಏನs ಅನ್ನು, ಅನ್ನಾ ಹಾಕತೈತಿ," ಅಂತಾರ,
ರೊಕ್ಕಾ ಕೊಟ್ಟು ಹೋಗತಾರ.

ಧಾರವಾಡದಿಂದ ಸ್ಕೂಟರ್ ಮ್ಯಾಲೆ
ಶಾಹಿನಾ ನದಾಫ ಬಂದಳು. ಕಾಲೇಜಿನ ಹುಡುಗಿ,
ಬ್ಯಾಗಿನ ತುಂಬ ಖಾಲಿ ಪೊಟ್ಟಣ.
"ತಿಂಗಳಿಗೆ ಅರ್ಧ ಇಂಚು ಬೆಳೀತದ ಕಾಕಾ,
ಕುಡದದ್ದೆಲ್ಲಾ ಬರಕೋತs ಬೆಳೀತದ.
ಬುಡದಿಂದ ಚಿಟಿಕಿಯಷ್ಟು ಸಾಕು.
ಹೆಸರು ಬ್ಯಾಡ, ನಂಬರ್ ಹಾಕ್ರಿ.
ಕೇಳಿ ತಗೋರಿ ಮತ್ತ."
ಕೆಲವರನ್ನ ಕೇಳಿದೆ.

ಹದಿನಾರನೇದ್ದು ಜಾವಳದ್ದು.
ಹನ್ನೊಂದು ತಿಂಗಳ ಕೂಸು, ಸ್ವಾದರ ಮಾವನ ತೊಡಿಮ್ಯಾಲೆ.
ಕತ್ತಿ ತಣ್ಣಗ ತಾಗಿದರೂ ಅಳಲಿಲ್ಲ.
ಶ್ಯಾಣ್ಯಾ ಕೂಸು ಅಂದರು ಎಲ್ಲಾರೂ.
ನನಗ ಹೆದರಿಕಿ ಆತು.
ಕೂದಲಾ ಹೊಳಿಗೆ ಬಿಡೂದು ಪದ್ಧತಿ.
ಅಜ್ಜಿ ದಂಡಿಗೆ ಹೋಗಿ ನೀರು ನೋಡಿದಳು,
ಕಾಲು ಇಡದs ದೂರಿಂದ ಒಗದಳು,
ಕೈ ಸೆರಗಿಗೆ ಒರಸಿಕೊಂಡಳು.
ನನ್ನ ಮುಷ್ಟ್ಯಾಗ ಒಂದು ಚಿಟಿಕಿ ಉಳದಿತ್ತು, ಬೆಚ್ಚಗ.

ನಲವತ್ತು ಆದವು.
"ಇಲ್ಲಿ ನೀರು ಕುಡಿಯದವರದ್ದೂ ಒಂದು ಬೇಕು ಕಾಕಾ,
ತಾಳೆ ನೋಡಾಕ," ಅಂದಳು ಫೋನಿನ್ಯಾಗ.
ಎಲ್ಲಿಂದ ತರಲಿ?
ಬೀಗರು ಬಂದರೂ ಎರಡು ಸಲ ಚಹಾ ಆಗಿರತದ.

ಅವತ್ತು ಕಂಪನಿ ಸಾಹೇಬ ಬಂದ.
ಮನಿ ಹುಬ್ಬಳ್ಳಿ ವಿದ್ಯಾನಗರ,
ದಿನಾ ಕಾರು, ದಿನಾ ಬುತ್ತಿ.
"ಡೀಸಿ ಬರಾಕತ್ತಾರ, ಲಗೂ ಮಾಡು, ಕಟಿಂಗ್, ಶೇವಿಂಗ್."
ನಾನು ನೀರಿನ ಬುರ್ ಬುರ್ ಎತ್ತಿದೆ.
ಕೈ ಹಿಡದ.
ತನ್ನ ಬಾಟಲಿ ಮುಂದ ಇಟ್ಟ:
"ತಲಿಗೆ ಇದನ್ನ ಹೊಡಿ."

ಗದ್ದದ ಕೆಳಗ ಬ್ಲೇಡ್ ಇದ್ದಾಗ ಕೇಳಿದ,
"ಮಂದಿ ಕೂದಲಾ ಕೂಡಿಸಿ ಇಡತೀಯಂತ?"
"ದಾಳಿಂಬರ ಗಿಡಕ್ಕ ಗೊಬ್ಬರ್ರೀ ಸಾಹೇಬರ."
ನಕ್ಕ. ಗಂಟಲಮಣಿ ನನ್ನ ಬ್ಲೇಡಿನ ಕೆಳಗ
ಮ್ಯಾಲೆ ಹೋತು, ಕೆಳಗ ಬಂತು.
ಇಪ್ಪತ್ತಾರು ವರ್ಷದ ಕೈ, ನಡಗಲಿಲ್ಲ.
ಎಲ್ಲೂ ಕೊಯ್ಯಲೂ ಇಲ್ಲ.

ಅವ ಹೋದ ಮ್ಯಾಲೆ ಕಸಬರಗಿ ಹಿಡೀಲಿಲ್ಲ.
ಕುಕ್ಕುರುಗಾಲಿಲೆ ಕುಂತು ಒಂದೊಂದs ಆರಿಸಿದೆ.
ಕರ್ರಗ, ಗಟ್ಟಿ, ಜಗ್ಗಿದರ ಹರಿಯೂದಿಲ್ಲ.
ಎಷ್ಟು ದಿನಾ ಆಗಿತ್ತು ಇಂಥಾ ಕೂದಲಾ ಮುಟ್ಟಿ!
ಮಡಚಿ ಬರದೆ: ೪೧.

ಬಾಟಲಿ ಮರತು ಹೋಗಿದ್ದ, ಅರ್ಧ ಉಳದಿತ್ತು.
ಕೆಲಸದ ಹುಡುಗ ಮೌನೇಶ ಅದನ್ನs ನೋಡಾಕತ್ತಿದ್ದ.
ಕುಡಿ, ಅಂದೆ.